ಕಲ್ಲಿನಲ್ಲಿ ಚಿನ್ನದ ಜಾಡು ಹಿಡಿಯುವುದು ಹೇಗೆ?

ಅವೆನ್ಯೂ ರಸ್ತೆಯಲ್ಲಿ ಒಡವೆ ಕೊಳ್ಳುವ ನಮ್ಮಲ್ಲಿ ಹೆಚ್ಚಿನವರು ಚಿನ್ನ ಬಂಡೆಯೊಳಗೆ ಹೇಗೆ ಸೇರಿಕೊಂಡಿರುತ್ತದೆ ಎಂಬುದನ್ನು ಕಂಡವರಲ್ಲ. ಬೆಂಗಳೂರಿನವರಿಗೆ ಆ ಪಾಠ ದೂರದ್ದೂ ಅಲ್ಲ. ಒಂದು ಮಾತು ನೆನಪಿರಲಿ: ಹುಡುಕಬೇಕಾದದ್ದು ಹೊಳಪನ್ನಲ್ಲ, ಬಿಸಿನೀರು ಹರಿದುಹೋದ ಬಿರುಕನ್ನು.

ಮೊದಲು ಲಾಲ್‌ಬಾಗಿನ ಬಂಡೆ ಹತ್ತಿ. ಕೆಂಪೇಗೌಡರ ಗೋಪುರ ಹೊತ್ತಿರುವ ಆ ನೈಸ್ ಎಂಬ ಪಟ್ಟೆಶಿಲೆಗೆ ಸುಮಾರು 300 ಕೋಟಿ ವರ್ಷ. ಕುಕ್ಕರಗಾಲಲ್ಲಿ ಕೂತು ನೋಡಿದರೆ ಬಿಳಿ, ಬೂದು ಪಟ್ಟೆಗಳು ಸೀರೆಯ ನೆರಿಗೆಯಂತೆ ಬಳುಕಿರುವುದು ಕಾಣುತ್ತದೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಸುತ್ತಿಗೆ ಮುಟ್ಟಿಸಬೇಡಿ. ಇಲ್ಲಿ ನೀವು ಕಲಿಯಬೇಕಾದದ್ದು ಈ ತಿಳಿಬಣ್ಣವನ್ನು. ಇದು ಕಣ್ಣಿಗೆ ಪಳಗಿದರೆ ಮುಂದೆ ಸಿಗುವ ಕಪ್ಪುಕಲ್ಲಿನ ಗುರುತು ತಪ್ಪುವುದಿಲ್ಲ.

ಆಮೇಲೆ ಮಾರಿಕುಪ್ಪಂ ರೈಲು ಹಿಡಿದು ಕೆಜಿಎಫ್‌ಗೆ, ಅಂದರೆ ಕೋಲಾರದ ಚಿನ್ನದ ಗಣಿಸೀಮೆಗೆ, ಹೋಗಿ. ನೈಸ್ ಶಿಲೆಯ ನಡುವೆ ಉತ್ತರ ದಕ್ಷಿಣವಾಗಿ ಸುಮಾರು 80 ಕಿ.ಮೀ. ಚಾಚಿರುವ ಕಪ್ಪು ಪಟ್ಟಿಯೊಂದು ಅಲ್ಲಿದೆ. ಸುಮಾರು 270 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾರಸ ಅದು. ನೀರು ತಾಗಿದೊಡನೆ ಹೊರಮೈ ಗಟ್ಟಿಯಾಗಿ, ಒಳಗಿನ ರಸ ಮತ್ತೆ ಉಬ್ಬಿ ಬಂದು, ದಿಂಬು ಪೇರಿಸಿಟ್ಟಂಥ ಆಕಾರಗಳು ಉಳಿದಿವೆ. ಜ್ವಾಲಾಮುಖಿಯ ಪರ್ವತವೇನೂ ಈಗ ಉಳಿದಿಲ್ಲ. ಒತ್ತಡ, ಕಾವುಗಳಲ್ಲಿ ಬೆಂದು ಶಿಲೆಯೂ ಮಾರ್ಪಟ್ಟಿದೆ. ಹಳೆಯ ಗಣಿಬಾವಿಗಳ ಬಳಿ ಸುಳಿಯಬೇಡಿ, ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸೈನೈಡ್ ದಿಬ್ಬಗಳನ್ನು ಹತ್ತಬೇಡಿ.

ಈಗ ಕಪ್ಪುಕಲ್ಲಿನಲ್ಲಿ ಬಿಳಿಯ ಬೆಣಚುಕಲ್ಲಿನ ಗೆರೆಗಳನ್ನು ಹುಡುಕಿ. ನನ್ನ ಮಟ್ಟಿಗೆ ಇಡೀ ಪಾಠದ ಜೀವ ಇಲ್ಲೇ ಇದೆ. ನೆಲದಾಳದ ಬಿಸಿನೀರಿನಲ್ಲಿ ಚಿನ್ನ ಗಂಧಕದ ಜೊತೆಗೂಡಿ ಕರಗಿ ಸಾಗುತ್ತದೆ. ಭೂಮಿ ಅಲುಗಿ ಬಂಡೆ ಬಿರಿದಾಗ ನೀರು ಆ ಸಂದಿಗೆ ನುಗ್ಗುತ್ತದೆ, ಒತ್ತಡ ಥಟ್ಟನೆ ಇಳಿಯುತ್ತದೆ. ಕಪ್ಪುಕಲ್ಲಿನಲ್ಲಿರುವ ಕಬ್ಬಿಣವೂ ಗಂಧಕವನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಜೊತೆಗಾರನನ್ನು ಕಳೆದುಕೊಂಡ ಚಿನ್ನ ಬೆಣಚುಕಲ್ಲಿನ ನಡುವೆಯೇ ಉದುರಿ ನಿಲ್ಲುತ್ತದೆ. ಬಿರುಕು ಮುಚ್ಚಿ, ಮತ್ತೆ ಬಿರಿದು, ಪದರದ ಮೇಲೆ ಪದರ ಕಟ್ಟುತ್ತದೆ. ಚಾಂಪಿಯನ್ ಎಂಬ ಅಂಥದೊಂದು ಸಾಲಿನ ಬೆನ್ನುಹತ್ತಿ ನಮ್ಮ ಗಣಿಕಾರ್ಮಿಕರು 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದರು. 2001ರಲ್ಲಿ ಗಣಿ ಮುಚ್ಚುವ ಹೊತ್ತಿಗೆ ಕೋಲಾರ ಸುಮಾರು 800 ಟನ್ ಚಿನ್ನ ಕೊಟ್ಟಿತ್ತು. ಆ ಕಾವಿನಲ್ಲಿ ಬೆವರು ಸುರಿಸಿದವರನ್ನು ನೆನೆಯದೆ ಈ ಅಂಕಿ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಜ್ವಾಲಾಮುಖಿಯೊಳಗೇ ಚಿನ್ನ ಕೂತದ್ದನ್ನು ತಿಳಿಯಲು ಅಮೆರಿಕದ ಕೊಲರಾಡೊ ರಾಜ್ಯದ ಕ್ರಿಪಲ್ ಕ್ರೀಕ್ ಜೊತೆ ಹೋಲಿಸಿಕೊಳ್ಳಿ. ಪರ್ವತದ ಮೇಲಿನ ಆ ಗಣಿಸೀಮೆಯ ಜ್ವಾಲಾಮುಖಿಗೆ ಸುಮಾರು 3 ಕೋಟಿ ವರ್ಷ. ಕೋಲಾರದ ಮುಂದೆ ನಿನ್ನೆ ಮೊನ್ನೆಯದು. ಸ್ಫೋಟದಿಂದ ಪುಡಿಯಾದ ಕಲ್ಲಿನ ಸಂದುಗಳಲ್ಲಿ ಚಿನ್ನ ಟೆಲ್ಯೂರಿಯಂ ಎಂಬ ಧಾತುವಿನ ಜೊತೆ ಬೆರೆತಿದೆ. ಬಣ್ಣ ನೋಡಿ ಗುರುತಿಸುವುದು ಕಷ್ಟ; ಅದಿರನ್ನು ಚೆನ್ನಾಗಿ ಕಾಯಿಸಿದರೆ ಟೆಲ್ಯೂರಿಯಂ ಹಾರಿಹೋಗಿ, ಕಲ್ಲಿನ ಮೈಮೇಲೆ ಹಳದಿ ಹನಿಗಳು ಮೂಡುತ್ತವೆ. 1914ರಲ್ಲಿ ಅಲ್ಲಿನ ಕ್ರೆಸನ್ ಗಣಿಯಲ್ಲಿ ಕೋಣೆಯಷ್ಟು ದೊಡ್ಡ ಪೊಟರೆ ಸಿಕ್ಕಿತು. ಅದರ ಗೋಡೆಗಳಿಗೆಲ್ಲ ಚಿನ್ನದ ಹರಳುಗಳು ಅಂಟಿಕೊಂಡಿದ್ದವು.

ಕೊನೆಯದು ಪರೀಕ್ಷೆ. ಕಲ್ಲಿನಲ್ಲಿ ಹಳದಿ ಹೊಳಪು ಕಂಡರೆ ಅದು ಬಹುಮಟ್ಟಿಗೆ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ. ಟೈಲ್ಸ್‌ನ ಹಿಂಭಾಗದ ಒರಟು ಮೈಗೆ ಅದನ್ನು ಉಜ್ಜಿ. ಅಕ್ಕಸಾಲಿಗರ ಒರೆಗಲ್ಲಿನ ಉಪಾಯವೇ ಇದು. ಪೈರೈಟ್ ಆದರೆ ಹಸಿರು ಬೆರೆತ ಕಪ್ಪು ಗೆರೆ ಬರುತ್ತದೆ, ಚಿನ್ನವಾದರೆ ಹಳದಿ ಗೆರೆ. ಸೂಜಿಯಿಂದ ಒತ್ತಿದರೆ ಪೈರೈಟ್ ಪುಡಿಯಾಗುತ್ತದೆ. ಚಿನ್ನದ ಮೇಲೆ ಸೂಜಿಯ ಗುರುತು ಮಾತ್ರ ಉಳಿಯುತ್ತದೆ.