ಕಬಡ್ಡಿ ಆಡುವ ಮಕ್ಕಳ ಅಪ್ಪ ಅಮ್ಮಂದಿರಿಗೆ

ನಾವು ಕಾಸರಗೋಡಿನ ಬದಿಯಡ್ಕದವರು. ಮಗಳು ಕಬಡ್ಡಿಗೆ ಸೇರಿ 4 ವರ್ಷವಾಯಿತು. ಮೊದಲ ವರ್ಷ ನಾನು ಗೆರೆಯ ಹೊರಗೆ ನಿಂತು 'ಬೋನಸ್ ಅಂಕ ತೆಗಿ, ಹಿಂದೆ ನೋಡು' ಅಂತ ಕೂಗುತ್ತಿದ್ದೆ. ಒಂದು ರೈಡಿಗೆ, ಅಂದರೆ ಎದುರು ತಂಡದ ಅಂಕಣಕ್ಕೆ ನುಗ್ಗಿ ಬರಲು, ಸಿಗುವುದು 30 ಸೆಕೆಂಡು. ಅಷ್ಟರಲ್ಲಿ ಅವಳು ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಅನ್ನುತ್ತಾ ಎದುರಿನ ಏಳು ಜನರನ್ನು ಗಮನಿಸಬೇಕು. ನಡುವೆ ನನ್ನ ದನಿ ಬೇರೆ! ಒಮ್ಮೆ ನನ್ನ ಕಡೆ ತಿರುಗಿದಳು, ಸಿಕ್ಕಿಬಿದ್ದಳು. ಅಂದೇ ಕೂಗುವುದು ಬಿಟ್ಟೆ. ಆಟ ಹೇಳಿಕೊಡಲು ಕೋಚ್ ಇದ್ದಾರೆ. ನೀವು ಚಪ್ಪಾಳೆ ಹೊಡೆಯಿರಿ. ಎದುರು ತಂಡದ ಮಗು ಚೆನ್ನಾಗಿ ಹಿಡಿದರೆ ಅದಕ್ಕೂ ಹೊಡೆಯಿರಿ.

ತೂಕದ ವಿಷಯ ಇದಕ್ಕಿಂತ ದೊಡ್ಡದು. ಸಬ್ ಜೂನಿಯರ್ ವಿಭಾಗಕ್ಕೆ 16 ವರ್ಷ, 55 ಕೆ.ಜಿ. ಮಿತಿ. ತೂಕ ನೋಡುವ ಹಿಂದಿನ ದಿನ ಮಕ್ಕಳಿಗೆ ಊಟ ಬಿಡಿ, ನೀರೂ ಕೊಡದವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬೆಳೆಯುವ ಮಕ್ಕಳು ಅಲ್ವಾ? ಮೈಯಲ್ಲಿ ನೀರು ಕಡಿಮೆಯಾದರೆ ತಲೆ ಸುತ್ತುತ್ತದೆ, ಸುಸ್ತಾಗುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಂತೂ ಇನ್ನೂ ಜಾಸ್ತಿ. ಮಿತಿ ಮೀರಿದರೆ ಈ ಸಲ ಬಿಡಿ, ಮೇಲಿನ ವಿಭಾಗಕ್ಕೆ ತಯಾರಾಗಲಿ. ಹೊಟ್ಟೆ ತುಂಬ ಗಂಜಿ, ಮೀನು, ಹೆಸರು ಕಾಳು ಕೊಡಿ.

ಸೋತ ದಿನ ದಾರಿಯಲ್ಲಿ ಆಟದ ಲೆಕ್ಕ ಕೇಳಬೇಡಿ. 'ಹಸಿವಾಯ್ತಾ ಮಗಾ?' ಅಂತ ಮಾತ್ರ ಕೇಳಿ. ಮೊನ್ನೆ ಕುಂಬಳೆಯಿಂದ ಬರುವಾಗ ಸೀತಾಂಗೋಳಿ ದಾಟುವವರೆಗೂ ಸುಮ್ನೆ ಇದ್ದಳು. ಆಮೇಲೆ ತಾನಾಗಿ ಹೇಳಿದಳು: "ಅಪ್ಪಾ, ನಾಳೆ ಬೇಗ ಎಬ್ಬಿಸಿ, ಪ್ರಾಕ್ಟೀಸ್ ಉಂಟು."