ಗುಮ್ಮಟ ನೋಡಿ ಇಸವಿ ಹಿಡಿದ ಕತೆ

"ಠಸ್ಸೆ ನೋಡಿ ಕಾರ್ಡು ಯಾವಾಗ ಅಂಚೆಗೆ ಬಿತ್ತು ಅಂತ ಹೇಳಬಹುದು. ಫೋಟೋ ಯಾವಾಗ ತೆಗೆದದ್ದು ಅಂತ ಯಾರಪ್ಪನೂ ಹೇಳೋಕಾಗಲ್ಲ. ಸುಮ್ನೆ ದುಡ್ಡು ದಂಡ." ಡಲ್ಲಾಸ್‌ನಲ್ಲಿ ನಮ್ಮ ಜೊತೆ ಸ್ಟಾಂಪು ಕೂಡಿಸುವ ಹಿರಿಯರೊಬ್ಬರು, ಹಳೆ ಚಿತ್ರದ ಪೋಸ್ಟ್‌ಕಾರ್ಡಿನ ಫೋಟೋ ಯಾವ ಇಸವಿಯದು ಅಂತ ಹಿಡಿಯೋಕೆ ನಾನು ಹೊರಟಾಗ, ಮೂರು ವರ್ಷದ ಹಿಂದೆ ನನಗೆ ಹೇಳಿದ ಮಾತು ಇದು. ಅವರು ಹೇಳಿದ್ದರಲ್ಲಿ ಅರ್ಧ ಸರಿ ಇತ್ತು. ಉಳಿದರ್ಧ ತಪ್ಪು ಅಂತ ತೋರಿಸೋಕೆ ನನಗೆ ಮೂರು ವರ್ಷ ಹಿಡಿಯಿತು, ಹತ್ತಿರ ಹತ್ತಿರ 1,100 ಡಾಲರೂ ಹೋಯಿತು. ಲೆಕ್ಕ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ಮನೆಯಲ್ಲಿ ಸಿಕ್ಕಿಬೀಳುತ್ತಿದ್ದೆ.

ವಿಷಯ ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ ಬಿಸಿನೀರಿನ ಬುಗ್ಗೆಗಳಿರುವ ಹಾಟ್ ಸ್ಪ್ರಿಂಗ್ಸ್ ಊರಿನ ಅರ್ಲಿಂಗ್ಟನ್ ಹೋಟೆಲು. ನಾನು ಪುತ್ತೂರು ಕಡೆಯವನು, ಚಿಕ್ಕಂದಿನಲ್ಲಿ ಇರ್ದೆಯ ಬೆಂದ್ರ್ ತೀರ್ಥದಲ್ಲಿ ಮುಳುಗಿ ಎದ್ದವನು. ಹಾಗಾಗಿ ಬಿಸಿನೀರಿನ ಬುಗ್ಗೆ ಅಂದರೆ ಕಾಲು ತಾನೇ ಆ ಕಡೆ ಹೋಗುತ್ತದೆ. ಆದರೆ ಹಾಟ್ ಸ್ಪ್ರಿಂಗ್ಸ್‌ನ ನೀರು ಬೆಂದ್ರ್ ತೀರ್ಥದ ಹಾಗೆ ಉಗುರುಬೆಚ್ಚಗೆ ಅಲ್ಲ. ನೆಲದಿಂದ ಬರುವಾಗಲೇ 62 ಡಿಗ್ರಿ ಸೆಲ್ಸಿಯಸ್, ಕೈ ಇಟ್ಟರೆ ಎಳೆದುಕೊಳ್ಳಲೇಬೇಕು. ಮೊದಲ ಸಲ ಹೋದಾಗ ಹೋಟೆಲಿನ ಎದುರು ನಿಂತು ಒಂದು ಹಳೆ ಕಾರ್ಡು ಹಿಡಿದು ಹೋಲಿಸಿದೆ. ಹೋಟೆಲು ಅದೇ ಹೆಸರಿನದು, ಗೋಪುರ ಎರಡಿವೆ, ಆದರೆ ಜಾಗವೇ ಬೇರೆ! ಅಲ್ಲಿಂದ ಶುರುವಾಯಿತು ಹುಚ್ಚು.

ಗೊತ್ತಿಲ್ಲದವರಿಗೆ ಎರಡು ಮಾತು. ಅರ್ಲಿಂಗ್ಟನ್ ಅಂದರೆ ಒಂದಲ್ಲ, ಮೂರು ಹೋಟೆಲು. ಮೊದಲನೆಯದು 1875ರ ಮರದ ಕಟ್ಟಡ. ಅದನ್ನು ಕೆಡವಿ 1893ರಲ್ಲಿ ಸುಮಾರು 300 ಕೋಣೆಯ ಎರಡನೆಯದನ್ನು ಕಟ್ಟಿದರು. ಅದು 1923ರ ಏಪ್ರಿಲ್ 5ರಂದು ಸುಟ್ಟುಹೋಯಿತು. ಈಗಿರುವ ಮೂರನೆಯದು 1924ರ ಕೊನೆಗೆ, ಹೊಸ ವರ್ಷದ ಹೊತ್ತಿಗೆ ತೆರೆಯಿತು. ಅದರ ವಾಸ್ತುಶಿಲ್ಪಿ ಜಾರ್ಜ್ ಮಾನ್, ಲಿಟ್ಲ್ ರಾಕ್‌ನ ವಿಧಾನಸಭೆ ಕಟ್ಟಡಕ್ಕೂ ಕೈ ಹಾಕಿದವನು. ಮೊದಲ ಎರಡೂ ಇದ್ದದ್ದು ಸರ್ಕಾರದ ಜಾಗದಲ್ಲಿ, ಬುಗ್ಗೆಯ ನೀರಿನ ಸ್ನಾನಗೃಹಗಳ ಸಾಲಿನ ತುದಿಗೆ. ಮೂರನೆಯದನ್ನು ಫೌಂಟನ್ ಸ್ಟ್ರೀಟ್ ದಾಟಿ ಆಚೆ ಕಟ್ಟಿದರು. ಹಳೆ ಜಾಗ ಈಗ ಹುಲ್ಲುಹಾಸು, ಹೆಸರು ಮಾತ್ರ ಅರ್ಲಿಂಗ್ಟನ್ ಲಾನ್ ಅಂತ ಉಳಿದಿದೆ.

ಮೊದಲ ಪೆದ್ದುತನ ಕೇಳಿ. ಆರು ತಿಂಗಳು ನಾನು ಮೊದಲನೇ ಹೋಟೆಲಿನ ಕಾರ್ಡ್ ಹುಡುಕಿದೆ. ಸಿಗಲಿಲ್ಲ. ಸಿಗೋದಾದರೂ ಹೇಗೆ? ಅಮೆರಿಕದಲ್ಲಿ ಚಿತ್ರದ ಪೋಸ್ಟ್‌ಕಾರ್ಡು ಬಂದದ್ದೇ 1893ರ ಶಿಕಾಗೊ ಪ್ರದರ್ಶನದ ಹೊತ್ತಿಗೆ, ಅಷ್ಟರಲ್ಲಿ ಮೊದಲನೆಯದು ಮಣ್ಣಾಗಿತ್ತು. ಇದು ನಿಮಗೆಲ್ಲ ಗೊತ್ತು, ನನಗೂ ಗೊತ್ತಿತ್ತು, ಎರಡನ್ನೂ ತಲೆಯಲ್ಲಿ ಪಕ್ಕಪಕ್ಕ ಇಟ್ಟಿರಲಿಲ್ಲ ಅಷ್ಟೇ. ಆ ಕಾಲಕ್ಕೆ ಸ್ಟೀರಿಯೋ ಕಾರ್ಡೇ ಗತಿ, ಅಂದರೆ ಒಂದೇ ನೋಟದ ಎರಡು ಫೋಟೋ ಪಕ್ಕಪಕ್ಕ ಅಂಟಿಸಿದ ರಟ್ಟು. ಒಂದಕ್ಕೆ 45 ಡಾಲರ್ ಕೊಟ್ಟೆ. ಅಂಚು ಕಿತ್ತಿತ್ತು.

ಎರಡನೆಯದು ಇನ್ನೂ ಚೆನ್ನಾಗಿದೆ. ಆನ್‌ಲೈನ್ ಹರಾಜಿನಲ್ಲಿ "ಅರ್ಲಿಂಗ್ಟನ್ ಹೋಟೆಲ್, 40 ಕಾರ್ಡು" ಅಂತ ಒಂದು ಕಟ್ಟು, 90 ಡಾಲರ್. ಬಿಚ್ಚಿದರೆ ಮೇಲಿನ ಆರೇಳು ಬಿಟ್ಟು ಉಳಿದದ್ದೆಲ್ಲ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದ ಅರ್ಲಿಂಗ್ಟನ್ ಹೋಟೆಲು! ಅದೂ ಒಂದು ಸಲ ಸುಟ್ಟಿತ್ತು, ಮತ್ತೆ ಕಟ್ಟಿದ್ದು 1925ರ ಭೂಕಂಪಕ್ಕೆ ಕುಸಿಯಿತು. ಒಳ್ಳೆಯ ಕತೆಯೇ, ಆದರೆ ನನ್ನ ಕತೆ ಅಲ್ಲ. ಮಾರಿದವನಿಗೆ ಬರೆದೆ. "ಹೆಸರು ಸರಿಯಾಗೇ ಹಾಕಿದ್ದೀನಲ್ಲ" ಅಂತ ಉತ್ತರ ಬಂತು.

ಈಗ ವಿಧಾನಕ್ಕೆ ಬರೋಣ. ಕಾರ್ಡಿನ ಬೆನ್ನು ನೋಡೋದು ನಿಮಗೆ ಗೊತ್ತೇ ಇದೆ: 1907ರ ಮಾರ್ಚಿಗೆ ಮೊದಲು ಬೆನ್ನಿನಲ್ಲಿ ವಿಳಾಸಕ್ಕೂ ಒಕ್ಕಣೆಗೂ ನಡುವೆ ಗೆರೆ ಇಲ್ಲ, ಆಮೇಲೆ ಗೆರೆ, 1915ರ ಸುಮಾರಿನಿಂದ ಚಿತ್ರದ ಸುತ್ತ ಬಿಳಿ ಅಂಚು, 1930ರ ಸುಮಾರಿನಿಂದ ಲಿನನ್, ಅಂದರೆ ಬಟ್ಟೆಯ ನೇಯ್ಗೆಯಂಥ ಮೇಲ್ಮೈಯ ಕಾರ್ಡು. ಕರ್ಟ್ ಟೈಕ್ ಕಂಪನಿಯ ಲಿನನ್ ಆದರೆ ನಂಬರಿನಲ್ಲೇ ವರ್ಷ ಸಿಗುತ್ತದೆ, 5ಎ ಅಂದರೆ 1935. ಆದರೆ ಇದೆಲ್ಲ ಹೇಳೋದು ಅಚ್ಚಾದ ಕಾಲವನ್ನು. ಹಿರಿಯರು ಹೇಳಿದ್ದೂ ಅದನ್ನೇ. ಒಂದೇ ಫೋಟೋವನ್ನು ಹತ್ತು ವರ್ಷ ಅಚ್ಚು ಹಾಕಿದ್ದಾರೆ, ನಡುವೆ ಕುದುರೆಗಾಡಿ ಒರೆಸಿ ಕಾರು ಬರೆದಿದ್ದಾರೆ. ಬಣ್ಣ ನಂಬಲೇಬೇಡಿ. ಮೊದಲ ಮಹಾಯುದ್ಧಕ್ಕೆ ಮುಂಚಿನ ಕಾರ್ಡುಗಳಲ್ಲಿ ಎಷ್ಟೋ ಜರ್ಮನಿಯಲ್ಲಿ ಅಚ್ಚಾದವು. ಬಣ್ಣ ಹಾಕಿದವನು ಆ ಇಟ್ಟಿಗೆಯನ್ನು ಕಣ್ಣಾರೆ ಕಂಡವನಲ್ಲ. ನನ್ನ ಹತ್ತಿರ ಒಂದೇ ಹೋಟೆಲು ಕೆಂಪು, ಹಳದಿ, ಒಂದರಲ್ಲಂತೂ ಕ್ಯಾರೆಟ್ ಹಲ್ವದ ಬಣ್ಣದಲ್ಲಿದೆ.

ನಾನು ಮಾಡಿದ್ದೇನೆಂದರೆ ಹೋಟೆಲನ್ನು ನೋಡುವುದು ಬಿಟ್ಟು ಅಕ್ಕಪಕ್ಕ ನೋಡಿದೆ. ಅದೇ ಸಾಲಿನ ಸ್ನಾನಗೃಹಗಳು ತೆರೆದ ವರ್ಷ ಎಲ್ಲವೂ ದಾಖಲೆಯಲ್ಲಿದೆ: ಹೇಲ್ 1892, ಬಕ್‌ಸ್ಟಾಫ್ ಮತ್ತು ಮಾರಿಸ್ 1912, ಫೋರ್ಡೈಸ್ 1915, ಸುಪೀರಿಯರ್ 1916, ಕ್ವಾಪಾ ಮತ್ತು ಓಝಾರ್ಕ್ 1922, ಲಮಾರ್ 1923. ಎರಡನೇ ಹೋಟೆಲಿನ ಪಕ್ಕಕ್ಕೇ ಇದ್ದದ್ದು ಸುಪೀರಿಯರ್. ಆ ಇಟ್ಟಿಗೆ ಕಟ್ಟಡ ಕಂಡರೆ ಫೋಟೋ 1916ಕ್ಕಿಂತ ಹಿಂದಿನದಲ್ಲ, ಅದರ ಜಾಗದಲ್ಲಿ ಇನ್ನೂ ಹಳೆ ಕಟ್ಟಡವೇ ಇದ್ದರೆ ಮುಂದಿನದಲ್ಲ. ಹೀಗೆ ಒಂದೊಂದು ಕಾರ್ಡಿಗೂ ಹಿಂದಿನ ಗಡಿ, ಮುಂದಿನ ಗಡಿ ಬರೆದು ಊಟದ ಮೇಜಿನ ಮೇಲೆ ಸಾಲಾಗಿ ಹರಡಿದೆ. ಎರಡು ವಾರ ನಾವು ನೆಲದ ಮೇಲೆ ಕೂತು ಉಂಡೆವು. ಬೆಂಕಿ ವಿಮೆಗಾಗಿ ಊರಿನ ಒಂದೊಂದು ಕಟ್ಟಡವನ್ನೂ ಗುರುತಿಸಿದ ಹಳೆ ಸ್ಯಾನ್‌ಬಾರ್ನ್ ನಕ್ಷೆಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅವನ್ನೂ ಪಕ್ಕಕ್ಕೆ ಇಟ್ಟುಕೊಂಡೆ.

ಅಂಚೆ ದರವೂ ಸಹಾಯಕ್ಕೆ ಬಂತು, ಒಂದು ಸಲ ಕೈಯೂ ಕೊಟ್ಟಿತು. ಠಸ್ಸೆ ಮಾಸಿದ ಒಂದು ಕಾರ್ಡಿಗೆ ಎರಡು ಸೆಂಟಿನ ಸ್ಟಾಂಪು, ಚಿತ್ರ ಎರಡನೇ ಹೋಟೆಲಿನದು. ಯುದ್ಧಕಾಲದ ದರ, 1917ರಿಂದ 19ರ ಒಳಗೆ ಅಂತ ಷರಾ ಬರೆದುಬಿಟ್ಟೆ. ಎರಡು ಸೆಂಟು 1925ರಿಂದ 28ರವರೆಗೆ ಮತ್ತೆ ಬಂದಿತ್ತು ಅನ್ನೋದು ಮರೆತೇ ಹೋಗಿತ್ತು. ಆಮೇಲೆ ಠಸ್ಸೆ ಓದಿದಾಗ 1926! ಹೋಟೆಲು ಸುಟ್ಟು ಮೂರು ವರ್ಷ ಆದ ಮೇಲೆ ಯಾರೋ ಅಂಗಡಿಯ ಹಳೆ ದಾಸ್ತಾನಿನಿಂದ ಕೊಂಡು "ಇವತ್ತು ಒಂಬತ್ತನೇ ಸ್ನಾನ, ಮಂಡಿ ಪರವಾಗಿಲ್ಲ" ಅಂತ ಬರೆದು ಹಾಕಿದ್ದಾರೆ. ಆಗ ಬುಗ್ಗೆಯ ನೀರಿನಲ್ಲಿ 21 ಸ್ನಾನದ ಒಂದು ಚಿಕಿತ್ಸೆ ಇತ್ತು, ಇನ್ನೂ 12 ಬಾಕಿ. ಮಾಸಿದ ಠಸ್ಸೆ ಹೇಗೆ ಓದಿದೆ ಅಂತ ಕೇಳಬೇಡಿ, ಅದನ್ನು ಇಲ್ಲಿ ಬರೆಯಲ್ಲ. ಮನೆಯಲ್ಲಿರುವ ಸಾಮಾನಿನಲ್ಲೇ ಆಗುತ್ತದೆ, ಅಷ್ಟು ಮಾತ್ರ ಹೇಳ್ತೀನಿ.

ಆಲ್ಬಂನ ಕಪ್ಪು ಕಾಗದ ಅಂಟಿದ ಕಾರ್ಡನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ಬಿಡಿಸುವ ಪ್ರಯೋಗವೂ ಆಯಿತು. ಶಾಯಿಯಲ್ಲಿ ಅಚ್ಚಾದ ಲಿಥೊ ಕಾರ್ಡುಗಳು ಏಳೆಂಟು ಚೆನ್ನಾಗೇ ಬಂದವು. ಆ ಧೈರ್ಯದಲ್ಲಿ ಒಂದು ನಿಜ ಫೋಟೋ ಕಾರ್ಡು, ಅಂದರೆ ಫೋಟೋ ಕಾಗದದ ಮೇಲೇ ಮೂಡಿಸಿದ್ದು, ಹಾಕಿದೆ. ಮೇಲ್ಮೈ ಹಾಲಿನ ಕೆನೆ ಹಾಗೆ ಮೆತ್ತಗಾಗಿ ನನ್ನ ಹೆಬ್ಬೆರಳಿನ ಗುರುತು ಆಕಾಶದಲ್ಲಿ ಕೂತಿತು. 22 ಡಾಲರ್ ನೀರುಪಾಲು.

ಇನ್ನೊಂದು ಪ್ರಯೋಗಕ್ಕೂ ಕಾರ್ಡಿಗೂ ಸಂಬಂಧ ಇಲ್ಲ. ಆ ಊರಿನ ಬೀದಿಯಲ್ಲಿ ಬುಗ್ಗೆಯ ನೀರಿನ ನಲ್ಲಿಗಳಿವೆ, ಯಾರು ಬೇಕಾದರೂ ಕ್ಯಾನ್ ತುಂಬಿಕೊಳ್ಳಬಹುದು. ಮಳೆಯಾಗಿ ಬಿದ್ದು ನೆಲದೊಳಗೆ ಇಳಿದು ಮೇಲೆ ಬರೋಕೆ ಸುಮಾರು 4,400 ವರ್ಷ ಆಗುತ್ತದಂತೆ. ಆರು ಕ್ಯಾನ್ ಕಾರಿಗೆ ಹಾಕಿಕೊಂಡು ಬಂದೆ. ತೊಗರಿಬೇಳೆಗೆ ಎರಡು ಸೀಟಿ ಜಾಸ್ತಿ ಬೇಕಾಯಿತು. ಫಿಲ್ಟರ್ ಕಾಫಿ ಮಾತ್ರ ಬೇರೆಯೇ ರುಚಿ, ಡಿಕಾಕ್ಷನ್ ದುಂಡಗೆ ಇಳಿಯಿತು ಅಂತ ನನಗನ್ನಿಸಿತು. ಹೆಂಡತಿ ಕುಡಿದು ನೋಡಿ, "ರೀ, ಇದು ನಲ್ಲಿ ನೀರಿನದೇ ಥರ ಇದೆ" ಅಂದಳು.

ಕೊನೆಗೆ ಕೆಲಸ ಕೈಗೂಡಿದ್ದು ನಾಲ್ಕು ಡಾಲರಿನ ಕಾರ್ಡಿನಿಂದ. ಒಂದು ಕಾರ್ಡು ಮೇಳದಲ್ಲಿ "ಇತರೆ" ಅಂತ ಬರೆದ ಶೂ ಡಬ್ಬಿ. ಬಿಳಿ ಅಂಚು, ಸೆಂಟ್ರಲ್ ಅವೆನ್ಯೂದ ದಕ್ಷಿಣದಿಂದ ತೆಗೆದದ್ದು. ಮುಂದೆ ಕ್ವಾಪಾದ ಗುಮ್ಮಟ, ದೂರದಲ್ಲಿ ಎರಡನೇ ಅರ್ಲಿಂಗ್ಟನ್ನಿನ ಗೋಪುರ. ಲೆನ್ಸ್ ಇಟ್ಟು ಮೂರು ಸಲ ನೋಡಿದೆ, ಗುಮ್ಮಟದ ಅಂಚಿನಲ್ಲಿ ತಿದ್ದಿದ ಗುರುತು ಇಲ್ಲ. ಕ್ವಾಪಾ ತೆರೆದದ್ದು 1922, ಹೋಟೆಲು ಸುಟ್ಟದ್ದು 1923ರ ಏಪ್ರಿಲ್. ಗುಮ್ಮಟ ಏರಿದ ದಿನದಿಂದ ಲೆಕ್ಕ ಹಾಕಿದರೂ ಎರಡೂ ಒಂದೇ ಚೌಕಟ್ಟಿನಲ್ಲಿ ಸಿಗುವ ಅವಧಿ ಹೆಚ್ಚುಕಡಿಮೆ ಒಂದೂವರೆ ವರ್ಷ. ಠಸ್ಸೆ ಇಲ್ಲ, ಸ್ಟಾಂಪಿಲ್ಲ, ಬೆನ್ನು ಖಾಲಿ!

ಹಿರಿಯರ ಮನೆಗೆ ಒಯ್ದು ಮೇಜಿನ ಮೇಲಿಟ್ಟೆ, ಏನೂ ಹೇಳಲಿಲ್ಲ. ಅವರು ಕನ್ನಡಕ ಒರೆಸಿಕೊಂಡು ನೋಡಿದರು, ಮತ್ತೆ ಒರೆಸಿಕೊಂಡರು. "60 ಕೊಡ್ತೀನಿ" ಅಂದರು. ಕೊಡಲಿಲ್ಲ. ಅದರ ಬದಲು ಸಾಂತಾ ಬಾರ್ಬರಾದ ಕಟ್ಟನ್ನು ಅವರಿಗೆ ದಾಟಿಸಿದೆ, ಅವರ ಕೈಯಿಂದ ಈಸ್ಟ್‌ಮನ್ ಹೋಟೆಲಿನ ಹದಿನೈದು ಕಾರ್ಡು ಬಂತು. ಅದೂ ಅದೇ ಊರಿನದು, 1946ರಲ್ಲಿ ಕೆಡವಿದರು. ಊಟದ ಮೇಜು ಮತ್ತೆ ಹೋಯಿತು.