"ಹೊಡೀತಾನಾ?" ಅಂತ ಮೊದಲು ಕೇಳಬೇಡಿ

ನನ್ನ ತಂಗಿ ಗಂಡನ ವಿಷಯ ಮೊದಲ ಸಲ ಬಾಯಿಬಿಟ್ಟಾಗ ನಾನು ಕೇಳಿದ್ದು ಒಂದೇ: "ಹೊಡೀತಾನಾ?" ಇಲ್ಲ ಅಂದಳು. ಹಾಗಾದ್ರೆ ಹೊಂದಿಕೊಂಡು ಹೋಗು ಅಂದುಬಿಟ್ಟೆ. ಆಮೇಲೆ ಎರಡು ವರ್ಷ ಅವಳು ಏನೂ ಹೇಳಲಿಲ್ಲ.

ಅವಳ ಎಟಿಎಂ ಕಾರ್ಡ್ ಅವನ ಪರ್ಸಿನಲ್ಲಿತ್ತು. ನನ್ನ ಜೊತೆ ಮಾತಾಡುವಾಗಲೂ ಫೋನ್ ಸ್ಪೀಕರಿಗೆ ಹಾಕಬೇಕಿತ್ತು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ ಹೊಡೆತ, ಲೈಂಗಿಕ ಬಲವಂತ ಮಾತ್ರ ಅಲ್ಲ, ಬೈದು ಅವಮಾನ ಮಾಡೋದು, ದುಡ್ಡು ಕಿತ್ತುಕೊಂಡು ಸತಾಯಿಸೋದು ಕೂಡ ದೌರ್ಜನ್ಯವೇ. ಇದು ನನಗೆ ಆಗಲೇ ಗೊತ್ತಿರಬೇಕಿತ್ತು.

ಜೀವಕ್ಕೆ ಅಪಾಯ ಅನಿಸಿದರೆ 112. ಸಲಹೆ, ಆಸರೆ ಬೇಕಾದರೆ ಮಹಿಳಾ ಸಹಾಯವಾಣಿ 181. ಅವನು ನೋಡುವ ಫೋನಿನಿಂದ ಮಾಡಬೇಡಿ, ಕರೆಪಟ್ಟಿಯಲ್ಲಿ ನಂಬರ್ ಉಳಿದುಬಿಡುತ್ತದೆ. ಸಖಿ ಒನ್ ಸ್ಟಾಪ್ ಸೆಂಟರಿನಲ್ಲಿ ಚಿಕಿತ್ಸೆ, ಪೊಲೀಸ್, ವಕೀಲರ ನೆರವು, ಕೆಲವು ದಿನ ಇರಲು ಜಾಗ ಎಲ್ಲಕ್ಕೂ ದಾರಿ ಮಾಡಿಕೊಡುತ್ತಾರೆ.

ತುಂಬ ಜನಕ್ಕೆ ಗೊತ್ತಿಲ್ಲದ ಬಾಗಿಲು ಈ ಕಾಯ್ದೆಯಡಿ ನೆರವಾಗಲೆಂದೇ ಇರುವ ಸಂರಕ್ಷಣಾಧಿಕಾರಿಯದು. ನಮ್ಮ ಕರ್ನಾಟಕದಲ್ಲಿ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಆ ಅಧಿಕಾರಿ. ನೀವು ಹೇಳಿದ್ದನ್ನು ಅವರು ಘಟನಾ ವರದಿಯಾಗಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ವಕೀಲರಿಗೆ ಕೊಡಲು ಹಣ ಇಲ್ಲ ಅಂತ ಹಿಂಜರಿಯಬೇಡಿ. ಕಾನೂನು ಸೇವಾ ಪ್ರಾಧಿಕಾರ ಹೆಂಗಸರಿಗೆ ಆದಾಯ ಕೇಳದೆ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಅದರ ನಂಬರ್ 15100.

ಕೋರ್ಟಿಗೆ ಹೋದ್ರೆ ಡೈವೋರ್ಸೇ ಅಂತ ನನ್ನ ತಂಗಿ ಹೆದರಿದ್ದಳು. ಹಾಗಿಲ್ಲ. "ಇವನು ನನ್ನ ತಂಟೆಗೆ ಬರಬಾರದು", "ನನ್ನನ್ನು ಈ ಮನೆಯಿಂದ ಹೊರಹಾಕಬಾರದು", "ಖರ್ಚಿಗೆ ಕೊಡಬೇಕು" ಅಂತ ಆದೇಶ ಕೇಳಬಹುದು. ಮನೆ ಅವನ ಹೆಸರಲ್ಲಿದ್ದರೂ ಕೇಳಬಹುದು. ಅರವತ್ತು ದಿನದಲ್ಲಿ ಮುಗಿಸಲು ಯತ್ನಿಸಬೇಕು ಅಂತ ಕಾಯ್ದೆಯಲ್ಲಿದೆ, ಆದರೆ ಎಳೆಯುತ್ತದೆ. ಅದಕ್ಕೇ ಮೊದಲ ದಿನವೇ ಮಧ್ಯಂತರ ಆದೇಶ, ಅಂದ್ರೆ ಕೇಸು ಮುಗಿಯುವ ಮೊದಲೇ ಸಿಗುವ ತಾತ್ಕಾಲಿಕ ಆದೇಶ, ಕೇಳಿ. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಪೆಟ್ಟಾಗಿದ್ದರೆ ಡಾಕ್ಟರ ಹತ್ತಿರ "ಬಿದ್ದೆ" ಅನ್ನಬೇಡಿ, ಆದದ್ದನ್ನೇ ಬರೆಸಿ. ಕುತ್ತಿಗೆ ಹಿಸುಕಿದ್ದರೆ ಗುರುತು ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಆಧಾರ್, ಪಾಸ್‌ಬುಕ್, ಮಕ್ಕಳ ಜನನ ಪತ್ರ ಇವುಗಳ ಫೋಟೋ ನಂಬಿಕಸ್ಥರ ಬಳಿ ಇರಲಿ. ಬಿಟ್ಟು ಹೋಗ್ತೀನಿ ಅಂತ ಅವನಿಗೆ ಮೊದಲೇ ಹೇಳಬೇಡಿ. ಹೊರಡುವ ಹೊತ್ತಿನಲ್ಲೇ ಅಪಾಯ ಜಾಸ್ತಿ.

ಹತ್ತಿರದವರು ಅವಳ ಜೊತೆ ಅಪಾಯ ಅಂತ ತಿಳಿಸಲು ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಅವಳ ಪೂರ್ತಿ ವಿಳಾಸ ಬರೆದಿಟ್ಟುಕೊಳ್ಳಿ, 112ರಲ್ಲಿ ಕೇಳುತ್ತಾರೆ. ನಮ್ಮ ಮಾತು "ಹಸಿರು ಸೀರೆ" ಅಂತ ಇತ್ತು. ಒಂದು ಸಂಜೆ ಸ್ಪೀಕರಿನಲ್ಲೇ ಕೇಳಿದಳು: "ಅಕ್ಕಾ, ಆ ಹಸಿರು ಸೀರೆ ಕಳಿಸ್ತೀಯಾ?" ಅವನು ಪಕ್ಕದಲ್ಲೇ ಇದ್ದ. ಆಯ್ತು ಕಳಿಸ್ತೀನಿ ಅಂದೆ. ಫೋನ್ ಇಟ್ಟು, ಚೀಟಿ ತೆಗೆದು, ಅವಳ ಮನೆ ನಂಬರಿನಿಂದ ಹಿಡಿದು ಓದಿ ಹೇಳಿದೆ.